ಬೂಮ್ ಲಿಫ್ಟ್ ಹತ್ತುವ ಮೊದಲು ಏನೇನು ನೋಡಿಕೊಳ್ಳಬೇಕು?

ಕೊಪ್ಪಳದ ಹತ್ತಿರದ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಫಿಟ್ಟರ್ ಆಗಿ ಸೇರಿದ್ದೀರಿ. ಶೆಡ್ ಮತ್ತು ಪೈಪ್‌ಲೈನ್ ಕೆಲಸಕ್ಕೆ ಬೂಮ್ ಲಿಫ್ಟ್, ಅಂದರೆ ಉದ್ದ ತೋಳಿನ ತುದಿಯ ಬಾಸ್ಕೆಟ್‌ನಲ್ಲಿ ಜನರನ್ನು ಮೇಲೆತ್ತುವ ಗಾಡಿ, ಹತ್ತಬೇಕು. "ಎರಡು ದಿನ ನೋಡ್ಕೊಂಡ್ರೆ ಸಾಕು, ಬಂದುಬಿಡುತ್ತೆ" ಅಂತ ಸೂಪರ್‌ವೈಸರ್ ಹೇಳಿದ್ದಾರೆ. ಬಾಸ್ಕೆಟ್ ಸುತ್ತ ಕಂಬಿ ಇರುವಾಗ ಬೆಲ್ಟ್ ಯಾಕೆ, ಇನ್ನೇನು ಗಮನಿಸಬೇಕು ಅಂತ ಕೇಳಿದ್ದೀರಿ. ನಾನು ತೋರಣಗಲ್ಲು ಕಡೆ ಮೆಂಟೆನೆನ್ಸ್ ಕೆಲಸದಲ್ಲಿದ್ದೇನೆ, ಈ ಗಾಡಿಯ ಜೊತೆಗೇ ನಮ್ಮ ದಿನ ಕಳೆಯುವುದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬೆಲ್ಟ್ ಬೇಕೇ ಬೇಕು. ಕಂಬಿ ಇರುವುದು ಕಾಲು ಜಾರಿದರೆ ಹಿಡಿಯಲಿಕ್ಕೆ. ಬೂಮ್ ಲಿಫ್ಟ್‌ನಿಂದ ಜನ ಬೀಳುವ ಬಗೆಯೇ ಬೇರೆ. ತೋಳು ಚಾಚಿಕೊಂಡು ಗಾಡಿ ಹೋಗುತ್ತಿರುವಾಗ ಒಂದು ಚಕ್ರ ಗುಂಡಿಗೆ ಇಳಿಯಿತು ಅನ್ನಿ. ಕೆಳಗೆ ನಿಂತವರಿಗೆ ಅದು ಸಣ್ಣ ಕುಲುಕು. ತುದಿಯಲ್ಲಿರುವ ಬಾಸ್ಕೆಟ್ ಮಾತ್ರ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯ ಹಾಗೆ ಬೀಸಿ, ಒಳಗಿದ್ದವರನ್ನು ಕಂಬಿಯಾಚೆ ಎಸೆದುಬಿಡುತ್ತದೆ. ಅದಕ್ಕೇ ಸೊಂಟದ ಬೆಲ್ಟ್ ಸಾಲದು. ಐಎಸ್ 3521 (ಸುರಕ್ಷತಾ ಬೆಲ್ಟ್, ಹಾರ್ನೆಸ್‌ಗಳ ಭಾರತೀಯ ಮಾನಕ) ಗುರುತಿರುವ, ಇಡೀ ಮೈಗೆ ಹಾಕುವ ಹಾರ್ನೆಸ್ ಕೇಳಿ. ಅದರ ಹಗ್ಗ ಗಿಡ್ಡ ಇರಬೇಕು, ನೀವು ಕಂಬಿ ದಾಟಲಾಗದಷ್ಟು ಗಿಡ್ಡ. ಕೊಕ್ಕೆಯನ್ನು ಬಾಸ್ಕೆಟ್‌ನಲ್ಲಿ ಅದಕ್ಕಂತಲೇ ಕೊಟ್ಟಿರುವ ಆ್ಯಂಕರ್ ಪಾಯಿಂಟ್‌ಗೆ ಹಾಕಿ. ಪಕ್ಕದ ಕಾಲಮ್‌ಗೋ ಪೈಪಿಗೋ ಹಾಕಬೇಡಿ. ಬಾಸ್ಕೆಟ್ ಸ್ವಲ್ಪ ಸರಿದರೂ ಆ ಹಗ್ಗವೇ ನಿಮ್ಮನ್ನು ಹೊರಗೆಳೆಯುತ್ತದೆ.

ಹೊಸಬರೆಲ್ಲ ಮೇಲೆ ನೋಡಿ ಹೆದರುತ್ತಾರೆ. ನಾನು ಹೇಳುವುದು, ಮೊದಲು ಕೆಳಗೆ ನೋಡಿ ಅಂತ. 60 ಅಡಿ ಹೋಗುವ ಬೂಮ್ ಲಿಫ್ಟ್ ಹೆಚ್ಚುಕಡಿಮೆ 10 ಟನ್ ತೂಗುತ್ತದೆ. ಆ ಭಾರವೆಲ್ಲ ನಾಲ್ಕು ಚಕ್ರದ ಮೇಲೆ. ತೋಳು ಒಂದು ಕಡೆ ಚಾಚಿದರೆ ಆ ಕಡೆಯ ಚಕ್ರದ ಮೇಲೆ ಇನ್ನೂ ಜಾಸ್ತಿ. ನಮ್ಮ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕೆಸರಾಗುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಮೇಲಿನ ಪದರ ಒಣಗಿ ಗಟ್ಟಿ ಕಾಣುತ್ತದೆ, ಒಳಗೆ ಇನ್ನೂ ಹಸಿ. ಕಬ್ಬಿಣದ ರಾಡ್ ತಗೊಂಡು ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಕಾರ್ಖಾನೆಯ ಒಳಗೂ ಇದೇ ಕಥೆ. ಕೇಬಲ್ ಟ್ರೆಂಚ್ ಮೇಲಿನ ಚಪ್ಪಡಿ, ಅಗೆದು ಮುಚ್ಚಿದ ಜಾಗ, ಸ್ಲಾಗ್ (ಕುಲುಮೆಯ ಕಿಟ್ಟ) ಸುರಿದು ಸಮ ಮಾಡಿದ ನೆಲ, ಇವೆಲ್ಲ ನೋಡಲಿಕ್ಕೆ ಗಟ್ಟಿ. ಕೆಳಗೆ ಏನಿದೆ ಅಂತ ಅಲ್ಲಿನ ಹಳಬರನ್ನು ಕೇಳಿಯೇ ಗಾಡಿ ತನ್ನಿ.

ಒಂದು ಲೆಕ್ಕ ಹೇಳುತ್ತೇನೆ. ಗಾಡಿ ಬುಡದಲ್ಲಿ ಬರೀ 1 ಡಿಗ್ರಿ ವಾಲಿದರೆ, 20 ಮೀಟರ್ ಎತ್ತರದಲ್ಲಿರುವ ಬಾಸ್ಕೆಟ್ ಸುಮಾರು 35 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ವಾಲಿದಾಗ ಕೂಗುವ ಅಲಾರಂ ಇರುವುದು ಇದಕ್ಕೇ. ಸದ್ದು ಕಿರಿಕಿರಿ ಅಂತ ಅದರ ವೈರ್ ಕಿತ್ತಿರುವ ಗಾಡಿ ಕಂಡರೆ ದಯವಿಟ್ಟು ಹತ್ತಬೇಡಿ.

ನೆಲ ಆದಮೇಲೆ, ಕೆಳಗಿರುವ ಮನುಷ್ಯ. ನೀವು ಮೇಲಿರುವಷ್ಟು ಹೊತ್ತೂ ಕೆಳಗೆ ಒಬ್ಬರು ಇರಬೇಕು. ಸುಮ್ನೆ ನಿಂತರೆ ಆಗಲಿಲ್ಲ, ಗಾಡಿಯನ್ನು ಕೆಳಗಿನಿಂದ ಇಳಿಸಲು ಅವರಿಗೆ ಬರಬೇಕು. ಪ್ರತಿ ಗಾಡಿಯ ಬುಡದಲ್ಲೂ ಇನ್ನೊಂದು ಕಂಟ್ರೋಲ್ ಇರುತ್ತದೆ. ಇಂಜಿನ್ ನಿಂತರೆ ಇಳಿಸಲು ಎಮರ್ಜೆನ್ಸಿ ಪಂಪೋ ವಾಲ್ವೋ ಇರುತ್ತದೆ. ಒಂದೊಂದು ಕಂಪನಿಯದು ಒಂದೊಂದು ಥರ, ಹಾಗಾಗಿ ಒಂದು ಗಾಡಿಯಲ್ಲಿ ಕಲಿತದ್ದು ಇನ್ನೊಂದಕ್ಕೆ ನಡೆಯುತ್ತದೆ ಅಂದುಕೊಳ್ಳುವಂತಿಲ್ಲ. ಹಾರ್ನೆಸ್‌ನಲ್ಲಿ ಜೋತುಬಿದ್ದವರ ರಕ್ತ ಕಾಲಿನಲ್ಲೇ ನಿಲ್ಲುತ್ತಾ ಹೋಗುತ್ತದೆ, ನಿಮಿಷ ನಿಮಿಷಕ್ಕೂ ಜೀವಕ್ಕೆ ಕುತ್ತು. ಆಪರೇಟರ್ ಚಹಾ ಕುಡಿಯಲು ಹೋಗಿದ್ದಾರೆ, ಬೀಗದ ಕೈ ಅವರ ಜೇಬಿನಲ್ಲಿದೆ ಅಂದರೆ ಮುಗಿಯಿತು.

ಇನ್ನೊಂದು ಸಂಗತಿ, ಬಾಸ್ಕೆಟ್‌ನಲ್ಲಿರುವ ಕಾಲಿನ ಪೆಡಲ್. ಅದನ್ನು ತುಳಿದರೆ ಮಾತ್ರ ಗಾಡಿ ನಡೆಸುವ ಲಿವರ್ ಕೆಲಸ ಮಾಡಬೇಕು, ಕಾಲು ತೆಗೆದರೆ ನಿಲ್ಲಬೇಕು. ಕಾಲು ನೋಯುತ್ತದೆ ಅಂತ ಅದರ ಮೇಲೆ ನಟ್ ಬೋಲ್ಟಿನ ಚೀಲ ಇಟ್ಟುಬಿಡುತ್ತಾರೆ. ಶೆಡ್ಡಿನೊಳಗೆ ಮೇಲೇರುವಾಗ ಬೆನ್ನಿಗೆ ಬೀಮ್ ತಾಗಿ, ಎದೆ ಲಿವರ್ ಮೇಲೆ ಒತ್ತಿಕೊಂಡರೆ ಏನಾಗುತ್ತದೆ ಯೋಚಿಸಿ. ಕೈ ಎಳೆದುಕೊಳ್ಳಲೂ ಜಾಗವಿಲ್ಲ, ಗಾಡಿ ಮಾತ್ರ ಏರುತ್ತಲೇ ಇರುತ್ತದೆ. ಪೆಡಲ್ ಸರಿಯಿದ್ದರೆ ಕಾಲೆತ್ತಿ ಉಳಿದುಕೊಳ್ಳುವ ಅವಕಾಶವಾದರೂ ಇರುತ್ತದೆ. ಹಾಗಾಗಿ ಬೀಮ್ ಹತ್ತಿರ ಬಂದ ಕೂಡಲೇ ನಿಧಾನ ಮಾಡಿ, ತಲೆ ಎತ್ತಿ ನೋಡುತ್ತಲೇ ಏರಿ.

ಬಾಸ್ಕೆಟ್ ಮೇಲಿನ ಪ್ಲೇಟ್ ಓದಿ. ಎಷ್ಟೋ ಗಾಡಿಗಳಲ್ಲಿ 230 ಕೆಜಿ ಅಂತ ಇರುತ್ತದೆ. ಅದು ಜನ, ಟೂಲ್, ವೆಲ್ಡಿಂಗ್ ಕೇಬಲ್ ಎಲ್ಲ ಸೇರಿ. ಗಾಳಿಯ ಮಿತಿಯೂ ಅಲ್ಲೇ ಇರುತ್ತದೆ. ಹೊರಗೆ ಬಳಸುವ ಗಾಡಿಗಳಿಗೆ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್. ಆಷಾಢದ ಗಾಳಿಯಲ್ಲಿ ಶೀಟ್ ಹಿಡಿದು ಮೇಲೆ ಹೋಗಲೇಬೇಡಿ, ಅಷ್ಟು ಅಗಲದ ಶೀಟಿಗೆ ಗಾಳಿ ಹೊಡೆದರೆ ಇಡೀ ತೋಳೇ ಓಲಾಡುತ್ತದೆ. ಒಳಗಷ್ಟೇ ಬಳಸುವ ಸಿಸರ್ ಲಿಫ್ಟ್ (ಕತ್ತರಿಯಂಥ ಕಾಲುಗಳ ಮೇಲೆ ನೇರಕ್ಕೆ ಏರುವ ಗಾಡಿ) ಅನ್ನು ಹೊರಗೆ ತರುವುದಂತೂ ಬೇಡವೇ ಬೇಡ.

ಕರೆಂಟ್ ಲೈನ್ ಹತ್ತಿರ ಕೆಲಸವಿದ್ದರೆ ಲೈನ್ ಬಂದ್ ಮಾಡಿಸಿ, ಎಲ್‌ಸಿ (ಲೈನ್ ಬಂದ್ ಆಗಿದೆ ಅನ್ನುವ ಲೈನ್ ಕ್ಲಿಯರ್ ಚೀಟಿ) ಕೈಗೆ ಬಂದಮೇಲೆಯೇ ಗಾಡಿ ಎತ್ತಿ. 11 ಕೆವಿ ಲೈನ್‌ನಿಂದ ಕಡಿಮೆ ಅಂದರೂ 3 ಮೀಟರ್ ದೂರವಿರಬೇಕು, ಬಾಸ್ಕೆಟ್ ಅಷ್ಟೇ ಅಲ್ಲ, ಕೈಯಲ್ಲಿರುವ ಪೈಪ್ ಕೂಡ. ಅಕಸ್ಮಾತ್ ಲೈನ್ ತಾಗಿದರೆ ಕೆಳಗಿದ್ದವರು ಗಾಡಿ ಮುಟ್ಟಬಾರದು. ಇನ್ನು ಇಒಟಿ ಕ್ರೇನ್ (ಶೆಡ್ಡಿನ ಮೇಲ್ಗಡೆ ಹಳಿಯ ಮೇಲೆ ಓಡುವ ಕರೆಂಟ್ ಕ್ರೇನ್) ಇರುವ ಅಂಕಣದಲ್ಲಿ, ಕ್ರೇನಿಗೆ ಲಾಕ್ ಬೀಳದೆ ತೋಳು ಎತ್ತಬೇಡಿ. ಗ್ಯಾಸ್ ಪೈಪ್ ಹತ್ತಿರವಾದರೆ ಸಿಒ (ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗ್ಯಾಸ್) ಮೀಟರ್ ಎದೆಗೆ ಸಿಕ್ಕಿಸಿಕೊಂಡಿರಿ. ಆ ಗ್ಯಾಸಿಗೆ ವಾಸನೆಯೇ ಇಲ್ಲ.

"ಎರಡು ದಿನ ನೋಡ್ಕೊಂಡ್ರೆ ಸಾಕು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಂಟ್ರಾಕ್ಟ್ ಕೆಲಸಗಾರರಾದರೂ ತರಬೇತಿ ಕೇಳಲು ಹಿಂಜರಿಯಬೇಡಿ. ಸುರಕ್ಷತೆಯ ಮಾಹಿತಿ ಮತ್ತು ತರಬೇತಿ ಕೇಳುವ ಹಕ್ಕನ್ನು 1987ರಲ್ಲೇ ಕಾರ್ಖಾನೆ ಕಾಯ್ದೆಗೆ ಸೇರಿಸಿದ್ದರು. ಜಗಳ ಮಾಡಬೇಕಾಗಿಲ್ಲ. ನಾಳೆ ಬೆಳಿಗ್ಗೆ ಪರ್ಮಿಟ್ (ಕೆಲಸ ಶುರು ಮಾಡಲು ಕೊಡುವ ಅನುಮತಿ ಚೀಟಿ) ಬರೆಯುವ ಹೊತ್ತಿಗೆ ಸೂಪರ್‌ವೈಸರ್ ಬಳಿ ಹೋಗಿ, "ಸರ್, ಬಾಸ್ಕೆಟ್ ಖಾಲಿ ಇರುವಾಗ ಒಮ್ಮೆ ಎರಡಾಳೆತ್ತರ ಎತ್ತಿ, ಇಂಜಿನ್ ಬಂದ್ ಮಾಡಿ, ಕೆಳಗಿನಿಂದ ಇಳಿಸಿ ತೋರಿಸಿ" ಅನ್ನಿ. ಅದಕ್ಕೆ ಐದು ನಿಮಿಷ ಸಾಕು. ನಿಮ್ಮ ಜೊತೆ ಕೆಳಗೆ ನಿಲ್ಲುವವರ ಕೈಯಲ್ಲೂ ಮಾಡಿಸಿ. ಅವರಿಗೆ ಇಳಿಸಲು ಬಂದಮೇಲೆ ನೀವು ಹತ್ತಿ.