ಶಿಕ್ಷೆಯಾದ ಕೀರ್ತನೆ

ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಮಗನ ವಿಷಯಕ್ಕೆ ಸಲಹೆ ಕೇಳಿ ನನ್ನ ಬಳಿ ಬಂದ ಹುಬ್ಬಳ್ಳಿಯ ಆ ತಂದೆ ಫಿಟ್ಟರ್. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಪಾದ್ರಿಗಳ ಕಾಲದಿಂದಲೂ ಕ್ರೈಸ್ತ ಸಭೆಯಲ್ಲಿರುವ ಮನೆತನ. ಹದಿಮೂರು ವರ್ಷದ ಮಗ ಮೂರು ವಾರದಿಂದ ಕುಟುಂಬ ಪ್ರಾರ್ಥನೆಗೆ ಕೂರುತ್ತಿಲ್ಲ ಎಂಬುದು ದೂರು. "ಸಂಡೇ ಸ್ಕೂಲಿನಲ್ಲಿ ಕಂಠಪಾಠಕ್ಕೆ ಬಹುಮಾನ ಪಡೆದವನು, ಈಗ ಸತ್ಯವೇದ (ಬೈಬಲ್) ಮುಟ್ಟುವುದಿಲ್ಲ" ಎನ್ನುತ್ತ ಒಂದು ನೋಟ್‌ಬುಕ್ ನನ್ನ ಮುಂದಿಟ್ಟರು.

ಅದರ ತುಂಬ 119ನೇ ಕೀರ್ತನೆ. ಸತ್ಯವೇದದ ಅತಿ ಉದ್ದದ ಅಧ್ಯಾಯ, 176 ವಚನ. ಸುಳ್ಳು ಹೇಳಿದ್ದಕ್ಕೆ ಒಮ್ಮೆ, ಗಣಿತದಲ್ಲಿ ಅಂಕ ಕಡಿಮೆಯಾದದ್ದಕ್ಕೆ ಇನ್ನೊಮ್ಮೆ ಪೂರ್ತಿ ಬರೆಸಿದ್ದರು. ಮೊದಲ ಪುಟದಲ್ಲಿ ಅಕ್ಷರ ಮುತ್ತಿನಂತೆ ದುಂಡಗಿತ್ತು. ಬರಬರುತ್ತ ಒತ್ತಕ್ಷರಗಳೇ ಉದುರಿಹೋಗಿದ್ದವು. ದೇವರ ನುಡಿ ಜೇನಿಗಿಂತ ಸಿಹಿ ಎನ್ನುವ 103ನೇ ವಚನದ ಬಳಿ ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿತ್ತು. ಅವರಿಗೆ ಅದನ್ನೇ ತೋರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ.

ಹುಡುಗನನ್ನು ಬೇರೆಯಾಗಿ ಕೂರಿಸಿ ಕೇಳಿದೆ. ದೇವರ ಮೇಲೆ ಅವನಿಗೆ ಸಿಟ್ಟಿಲ್ಲ. "ಅಪ್ಪ ಕಪಾಟಿನಿಂದ ಆ ಪುಸ್ತಕ ತೆಗೆದರೆ ನಾನು ಏನು ತಪ್ಪು ಮಾಡಿದೆ ಎಂದು ನೆನಪು ಮಾಡಿಕೊಳ್ಳುತ್ತೇನೆ" ಎಂದ.

ತಂದೆಗೆ ಮೊದಲು ಹೇಳಿದ್ದು ಇಷ್ಟು: ವಚನವನ್ನು ಬೆತ್ತವಾಗಿ ಬಳಸುವುದು ಇಂದಿಗೇ ನಿಲ್ಲಲಿ. ತಪ್ಪಿಗೆ ಬೇರೆ ಶಿಕ್ಷೆ ಕೊಡಿ, ಪಾತ್ರೆ ತೊಳೆಸಿ. ಮಕ್ಕಳಿಗೆ ಕೋಪವೆಬ್ಬಿಸಬೇಡಿ ಎಂದು ಸತ್ಯವೇದದಲ್ಲಿ ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯ ತಂದೆಗಳಿಗೇ ಹೇಳುತ್ತದೆ. ಅದು ಅವರಿಗೆ ಬಾಯಿಪಾಠವಿತ್ತು. ಎರಡನೆಯದು, ಮಗನ ಬಳಿ ಕ್ಷಮೆ ಕೇಳುವುದು. "ತಂದೆಯಾಗಿ ನಾನೇ?" ಎಂದರು. "ನಮ್ಮ ತಪ್ಪುಗಳನ್ನು ಕ್ಷಮಿಸು" ಎಂದು ದಿನವೂ ಸಂಜೆ ಮಗನ ಎದುರೇ ಪ್ರಾರ್ಥಿಸುತ್ತೀರಲ್ಲ ಎಂದೆ.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಪಾರ್ಶ್ವವಾಯುವಾಗಿ ಮಲಗಿರುವ ಹಳೆಯ ಸಹೋದ್ಯೋಗಿಗೆ ಇವರು ಪ್ರತಿ ಶನಿವಾರ ಗಡ್ಡ ಹೆರೆದು, ಉಗುರು ಕತ್ತರಿಸಿ ಬರುತ್ತಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದಂತೆ! ನನಗೆ ನಿಜಕ್ಕೂ ರೇಗಿತು. ನಂಬಿಕೆಯ ಜೀವವಿರುವ ಭಾಗವನ್ನು ಬಚ್ಚಿಟ್ಟು, ನೋಟ್‌ಬುಕ್ಕನ್ನು ಮಾತ್ರ ಮಗನಿಗೆ ಕೊಟ್ಟಿದ್ದರು. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ದೇವರ ಮಾತುಗಳ ಬಗ್ಗೆ ಮಕ್ಕಳೊಡನೆ ಮಾತಾಡಿ ಎನ್ನುತ್ತದೆ ಸತ್ಯವೇದದ ಧರ್ಮೋಪದೇಶಕಾಂಡ. ಶನಿವಾರ ಅವನನ್ನೂ ಕರೆದೊಯ್ಯಿರಿ, ಉಪದೇಶ ಮಾತ್ರ ಬೇಡ, ಸಂಜೆಯ ಪ್ರಾರ್ಥನೆ ಐದೇ ನಿಮಿಷ ಇರಲಿ, ಅವನು ಕೂರದಿದ್ದರೆ ಪ್ರಾರ್ಥನೆಯಲ್ಲಿ ಅವನ ಹೆಸರೆತ್ತಿ ದೇವರಿಗೆ ಚಾಡಿ ಹೇಳಬೇಡಿ ಎಂದೆ.

ಆರು ವಾರದ ಬಳಿಕ ಫೋನ್ ಬಂತು. ಹುಡುಗ ಈಗ ಹಾಡಿಗೆ ಬಂದು ಕೂರುತ್ತಾನೆ, ಓದುವ ಹೊತ್ತಿಗೆ ಎದ್ದು ಹೋಗುತ್ತಾನೆ. ಶನಿವಾರ ಬಿಸಿನೀರಿನ ಬಟ್ಟಲು ಹಿಡಿಯುವವನು ಅವನೇ. ವಾಪಸು ಬರುವಾಗ ಸ್ಕೂಟರಿನ ಹಿಂದಿನಿಂದ, "ಇಷ್ಟು ಪ್ರಾರ್ಥಿಸಿದರೂ ಅಂಕಲ್‌ಗೆ ಏಕೆ ವಾಸಿಯಾಗಲಿಲ್ಲ?" ಎಂದು ಕೇಳಿದನಂತೆ.

"ಗೊತ್ತಿಲ್ಲ ಮಗನೇ ಎಂದುಬಿಟ್ಟೆ. ತಪ್ಪಾಯಿತೇ?" ಎಂದು ತಂದೆ ಕೇಳಿದರು.

ಇಲ್ಲ ಎಂದೆ.