ವ್ಯಾನಿನ ತಳಕ್ಕೆ ಕೋಟಿಂಗ್: ಮಳೆ ಹಿಡಿದ ಮೇಲಲ್ಲ, ಅಡಿಕೆ ಕೊಯ್ಲು ಮುಗಿದ ಮೇಲೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಮೂರು ಒಂದೇ ವಿಷಯದ್ದು, ಅದಕ್ಕೇ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ತೀರ್ಥಹಳ್ಳಿ ಹತ್ರ ಪಂಪ್‌ಸೆಟ್ ರಿಪೇರಿ ಮಾಡ್ಕೊಂಡಿದೀನಿ ಸರ್, ಕಾರ್ಗೋ ಓಮ್ನಿ ಇದೆ. ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋ ಪಂಪು, ಬ್ಯಾರಲ್, ಪೈಪು ಬಾಡಿಗೆಗೆ ಕೊಡ್ತೀನಿ, ಎಲ್ಲ ಇದೇ ವ್ಯಾನಲ್ಲೇ ಸಾಗ್ಸೋದು. ಮೊನ್ನೆ ರಬ್ಬರ್ ಮ್ಯಾಟ್ ಎತ್ತಿ ನೋಡ್ತೀನಿ, ತಳ ಪೂರ್ತಿ ತುಕ್ಕು, ಎರಡು ಕಡೆ ಹೊಟ್ಟಿನ ಹಾಗೆ ಎದ್ದು ಬರ್ತಿದೆ. ಗ್ಯಾರೇಜಿನವರು ಅಂಡರ್‌ಬಾಡಿಗೆ ಹೊಡೆಯೋ ಕಪ್ಪು ಟಾರ್ ಕೋಟಿಂಗನ್ನೇ ಒಳಗೂ ಬಳಿಯೋಣ, ಒಂದೇ ದಿನದ ಕೆಲಸ ಅಂತಾರೆ. ಮಳೆ ಶುರುವಾಗಿದೆ, ಈಗ್ಲೇ ಮಾಡ್ಸಲಾ?

ಉತ್ತರ: ಬೇಡ. ಎರಡಕ್ಕೂ ಬೇಡ, ಆ ಟಾರೂ ಬೇಡ, ಈಗ ಮಾಡ್ಸೋದೂ ಬೇಡ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನಿಮ್ಮ ವ್ಯಾನಿಗೆ ಬಂದಿರೋದು ಬರೀ ಮಳೆ ನೀರಿನ ತುಕ್ಕಲ್ಲ.

ಕೊಳೆಗೆ ಹೊಡೆಯೋ ಬೋರ್ಡೋ, ಅಂದ್ರೆ ಮೈಲುತುತ್ತ ಸುಣ್ಣ ಸೇರಿಸಿದ ಔಷಧಿ ಮಾಡುವಾಗ ಮೈಲುತುತ್ತದ ನೀರಿಗೆ ಸುಣ್ಣ ಸಾಕಾಗಿದೆಯಾ ಅಂತ ನೋಡೋಕೆ ಉಜ್ಜಿ ಬೆಳ್ಳಗೆ ಮಾಡಿದ ಕತ್ತೀನೋ ಚಾಕೂನೋ ಅದ್ದಿ ನೋಡ್ತಾರಲ್ಲ, ಕೆಂಪು ಕೂತ್ರೆ ಇನ್ನೂ ಸುಣ್ಣ ಬೇಕು ಅಂತ. ಆ ಕೆಂಪು ಬೇರೆ ಏನೂ ಅಲ್ಲ, ತಾಮ್ರ. ಮೈಲುತುತ್ತದಲ್ಲಿರೋ ತಾಮ್ರ ಕಬ್ಬಿಣದ ಮೇಲೆ ಬಂದು ಕೂರತ್ತೆ, ಅದಕ್ಕೆ ಬದಲಾಗಿ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಗತ್ತೆ. ನಿಮ್ಮ ವ್ಯಾನಿನ ತಳಾನೂ ಆ ಕತ್ತಿ ಇದ್ದ ಹಾಗೇ. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿ ಸರಿಯಾಗಿ ಮಾಡಿದ ಬೋರ್ಡೋ ಚೆಲ್ಲಿದ್ರೆ ಅಷ್ಟೊಂದು ಕೆಡೋದಿಲ್ಲ, ಆದ್ರೆ ಸುಣ್ಣ ಸೇರಿಸೋಕೆ ಮುಂಚಿನ ಮೈಲುತುತ್ತದ ನೀರು, ಇಲ್ಲಾ ಚೀಲದಿಂದ ಉದುರಿದ ಪುಡಿ, ಮ್ಯಾಟಿನ ಅಡಿಗೆ ಸೇರ್ಕೊಂಡು ಒದ್ದೆಯಾಗಿ ತಿಂಗಳುಗಟ್ಟಲೆ ಕೂತ್ರೆ ತಳ ತಿಂದು ಹಾಕತ್ತೆ. ಮೇಲೆ ಕೂತ ತಾಮ್ರಾನೂ ಸುಮ್ನಿರಲ್ಲ, ತೇವ ಇದ್ದಷ್ಟು ದಿನ ಪಕ್ಕದ ಕಬ್ಬಿಣಾನ ಇನ್ನೂ ಬೇಗ ತುಕ್ಕು ಹಿಡಿಸತ್ತೆ. ಪೊಟ್ಯಾಷ್ ಗೊಬ್ಬರದ ಚೀಲ ಹಾಕೋ ಅಭ್ಯಾಸ ಇದ್ರೆ ಅದೂ ಉಪ್ಪಿನ ಜಾತಿದೇ, ಅದೂ ಸೇರ್ತು.

ಈಗ ಆ ಟಾರಿನ ವಿಷಯ. ಅದು ಗಾಡಿ ಕೆಳಗೆ ಕಲ್ಲು ಸಿಡಿಯೋ ಜಾಗಕ್ಕೆ ಮಾಡಿದ್ದು, ಪೂರ್ತಿ ಗಟ್ಟಿಯಾಗೋದೇ ಇಲ್ಲ. ಒಳಗೆ ಬಳಿದು ಅದರ ಮೇಲೆ ಮೋಟಾರು, ಪೈಪು ಎಳೆದಾಡಿದ್ರೆ ಕಿತ್ತು ಬರತ್ತೆ, ಏಪ್ರಿಲ್ ಬಿಸಿಲಿಗೆ ಚಪ್ಪಲಿಗೆ ಅಂಟತ್ತೆ, ಡೀಸೆಲ್ ಚೆಲ್ಲಿದ್ರಂತೂ ಕರಗೇ ಹೋಗತ್ತೆ. ಇನ್ನು ಕೆಲವರು ರೆಡ್ ಆಕ್ಸೈಡ್ ಹೊಡೆದು ಮೇಲೆ ಎನಾಮಲ್ ಪೇಂಟ್ ಬಳೀತಾರೆ, ಮನೆ ಗೇಟಿಗಾದ್ರೆ ಸರಿ, ನಿಮಗಾಗಲ್ಲ, ಯಾಕಂದ್ರೆ ಎನಾಮಲ್ ಎಣ್ಣೆ ಮೂಲದ್ದು, ಸುಣ್ಣದ ನೀರು ಬಿದ್ರೆ ಎಣ್ಣೆ ಸೋಪಾಗೋ ಥರಾನೇ ಅದೂ ಮೆತ್ತಗಾಗಿ ಬಿಟ್ಕೊಳತ್ತೆ. ನಿಮ್ಮ ಕೆಲಸಕ್ಕೆ ಬೇಕಾಗಿರೋದು ಕೆಳಗೆ ಎಪಾಕ್ಸಿ ಪ್ರೈಮರ್, ಮೇಲೆ ಹಾರ್ಡನರ್ (ಗಟ್ಟಿಯಾಗಿಸೋ ದ್ರವ) ಬೆರೆಸಿ ಹಾಕೋ ಪಿಯು, ಅಂದ್ರೆ ಪಾಲಿಯುರೆಥೇನ್ ಬೆಡ್ ಲೈನರ್, ಪಿಕಪ್ ತೊಟ್ಟಿಗೆ ಹಾಕ್ತಾರಲ್ಲ ಆ ತರಿತರಿ ಕೋಟಿಂಗು.

ಈಗ್ಲೇ ಯಾಕೆ ಬೇಡ ಅಂದ್ರೆ, ಈ ಪಿಯು ಕೋಟಿಂಗಿನ ಹಾರ್ಡನರಿಗೆ ನೀರು ಕಂಡ್ರೆ ಆಗಲ್ಲ. ಗಾಳಿಯ ತೇವದ ಜೊತೆ ಸೇರಿದ್ರೂ ಗ್ಯಾಸ್ ಹುಟ್ಟಿ ಒಳಗೇ ಗುಳ್ಳೆ ಏಳತ್ತೆ. ಎಪಾಕ್ಸಿಗೆ ಥಂಡಿ, ತೇವ ಎರಡೂ ಒಟ್ಟಿಗೆ ಬಂದ್ರೆ ಮೇಲೆ ಜಿಡ್ಡು ಜಿಡ್ಡು ಪದರ ಬರತ್ತೆ, ಅದರ ಮೇಲೆ ಹೊಡೆದ ಯಾವ್ದೂ ಹಿಡಿಯಲ್ಲ. ಪೇಂಟಿನ ಕೆಲಸದಲ್ಲಿ ಸಾಮಾನ್ಯವಾಗಿ ಪಾಲಿಸೋ ಲೆಕ್ಕ ಏನಂದ್ರೆ ಗಾಳಿಯ ತೇವಾಂಶ ನೂರಕ್ಕೆ 85ರ ಒಳಗಿರ್ಬೇಕು, ತಗಡು ಇಬ್ಬನಿ ಕಟ್ಟೋ ಉಷ್ಣಾಂಶಕ್ಕಿಂತ ಕಮ್ಮಿ ಅಂದ್ರೂ 3 ಡಿಗ್ರಿ ಬೆಚ್ಚಗಿರ್ಬೇಕು. ಪಕ್ಕದ ಆಗುಂಬೇಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳೋ ಊರು ನಮ್ದು, ಆರಿದ್ರಾ ಮಳೆ ಹಿಡೀತು ಅಂದ್ರೆ ಗೋಡೆ ಬೆವರತ್ತೆ, ಬೆಲ್ಟಿಗೆ ಬೂಷ್ಟು ಹಿಡಿಯತ್ತೆ, ಆ ಗಾಳೀಲಿ ಈ ಕೆಲಸ ಎಲ್ಲಿ ಆಗ್ಬೇಕು ಮಾರಾಯ್ರೆ.

ಇದು ಓದಿ ತಿಳ್ಕೊಂಡಿದ್ದಲ್ಲ. ಕೆಲಸ ಕಲಿತು ಸ್ವಂತ ಶೆಡ್ ಹಾಕಿದ ಹೊಸತರಲ್ಲಿ ಒಬ್ರು ಹಾಲಿನ ವ್ಯಾನಿನವರು ಅರ್ಜೆಂಟು ಅಂದ್ರು ಅಂತ ಆಗಸ್ಟ್ ತಿಂಗಳಲ್ಲಿ ಕೋಟಿಂಗ್ ಹಾಕಿ ಕೊಟ್ಟೆ. ಹ್ಯಾಲೋಜನ್ ಲೈಟ್ ಹಾಕಿ ಒಣಗಿಸಿದ್ದೆ, ಮೇಲೆ ನೋಡೋಕೆ ಚೆನ್ನಾಗೇ ಇತ್ತು, ದೀಪಾವಳಿ ಹೊತ್ತಿಗೆ ಹಾಳೆ ಹಾಳೆಯಾಗಿ ಎದ್ದು ಬಂತು, ಅಡಿಯಲ್ಲಿ ತುಕ್ಕು ಮೊದಲಿಗಿಂತ ಜಾಸ್ತಿ. ತೇವಾನ ಒಳಗಿಟ್ಟು ಮುಚ್ಚಿದ್ದೆ ನಾನು. ಬೇಸಿಗೆ ಬಂದ ಮೇಲೆ ಪೂರ್ತಿ ಕೆರೆದು ನನ್ನ ಖರ್ಚಲ್ಲೇ ಮತ್ತೆ ಮಾಡಿಕೊಟ್ಟೆ. ಆ ಮನುಷ್ಯ ಒಂದು ಮಾತೂ ಆಡಲಿಲ್ಲ, ಅದು ಇವತ್ತಿಗೂ ಮನಸ್ಸಲ್ಲಿದೆ. ಅಲ್ಲಿಂದ ಇಲ್ಲಿವರೆಗೂ ಮಳೆಗಾಲದಲ್ಲಿ ಈ ಕೆಲಸ ಹಿಡಿದಿಲ್ಲ.

ಹಾಗಾದ್ರೆ ಅಲ್ಲಿವರೆಗೆ ಏನ್ಮಾಡೋದು ಅಂದ್ರೆ, ಆ ರಬ್ಬರ್ ಮ್ಯಾಟ್ ಇವತ್ತೇ ತೆಗೆದುಬಿಡಿ. ತಳಾನ ಬರೀ ನೀರಲ್ಲಿ ಚೆನ್ನಾಗಿ ತೊಳೀರಿ, ಮೂಲೆಯಲ್ಲಿ ನೀರು ಇಳಿಯೋ ತೂತುಗಳು ಮಣ್ಣು ತುಂಬಿ ಕಟ್ಟಿರತ್ತೆ, ತಂತಿ ಹಾಕಿ ಬಿಡಿಸಿ. ಬಟ್ಟೇಲಿ ಒರೆಸಿ, ರಾತ್ರಿ ಕೊಟ್ಟಿಗೇಲೋ ಶೆಡ್ಡಲ್ಲೋ ನಿಲ್ಲಿಸೋ ಹಾಗಿದ್ರೆ ಹಿಂದಿನ ಬಾಗಿಲು ತೆಗೆದಿಡಿ. ಮೇಲೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಅಡ್ಡಡ್ಡ ಹಾಸಿ ಅದರ ಮೇಲೆ ಸಾಮಾನು ಇಡಿ, ಅಡಿಯಲ್ಲಿ ಗಾಳಿ ಆಡತ್ತೆ, ಒದ್ದೆಯಾದ ದಬ್ಬೆ ತೆಗೆದು ಬೇರೆ ಹಾಕಿದ್ರಾಯ್ತು, ಖರ್ಚಿಲ್ಲ. ಮೈಲುತುತ್ತದ ಬ್ಯಾರಲನ್ನ ಮಾತ್ರ ಅಂಚು ಎತ್ತರ ಇರೋ ಪ್ಲಾಸ್ಟಿಕ್ ಟ್ರೇ ಒಳಗೇ ಇಡಿ. ತುಕ್ಕಿಗೆ ಅಂತ ಸುಟ್ಟ ಎಂಜಿನ್ ಆಯಿಲ್ ಬಳಿಯೋದು ನಮ್ಮ ಕಡೆ ಇದೆ, ಅದನ್ನ ಮಾಡ್ಬೇಡಿ, ಮುಂದೆ ಕೋಟಿಂಗ್ ಹಾಕುವಾಗ ಆ ಎಣ್ಣೆ ತಗಡಿನ ಸಂದಿಯಿಂದ ಪೂರ್ತಿ ಹೋಗೋದೇ ಇಲ್ಲ.

ಕೆಲಸ ಇಟ್ಕೊಳ್ಳೋದು ಕೊಯ್ಲೆಲ್ಲ ಮುಗಿದು ಫೆಬ್ರವರಿ, ಮಾರ್ಚಲ್ಲಿ. ಗಾಡಿ ಒಂದು ವಾರ ನಿಲ್ಲೋ ಹಾಗೆ ನೋಡ್ಕೊಳ್ಳಿ. ಮೊದಲು ಬ್ಯಾಟರಿ ವೈರ್ ಬಿಚ್ಚಿ, ನಿಮ್ಮದಕ್ಕೆ ಎಲ್‌ಪಿಜಿ ಕಿಟ್ ಇದ್ರೆ ಟ್ಯಾಂಕನ್ನ ಕಿಟ್ಟಿನ ಮೆಕ್ಯಾನಿಕ್ ಹತ್ರಾನೇ ಇಳಿಸಿ ಆಮೇಲೆ ಗ್ರೈಂಡರ್ ಹಿಡೀರಿ. ಹೊಟ್ಟೆದ್ದ ಎರಡು ಕಡೆ ಸ್ಕ್ರೂ ಡ್ರೈವರಿಂದ ಒತ್ತಿ ನೋಡಿ, ಒಳಗೆ ಹೋಯ್ತು ಅಂದ್ರೆ ಅಲ್ಲಿ ತಗಡೇ ಇಲ್ಲ, ಟಿಂಕರ್ ಹತ್ರ ಕತ್ತರಿಸಿ ಪ್ಯಾಚ್ ವೆಲ್ಡ್ ಮಾಡಿಸಲೇಬೇಕು, ಕೋಟಿಂಗ್ ತೂತು ಮುಚ್ಚೋ ವಸ್ತು ಅಲ್ಲ. ವೆಲ್ಡಿಂಗಿಗೆ ಮುಂಚೆ ಗಾಡಿ ಕೆಳಗೆ ಮಲಗಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹೋಗಿದೆ ಅಂತ ನೋಡ್ಕೊಳ್ಳಿ.

ಆಮೇಲೆ ಕೆರೆಯೋದು, ಮುಕ್ಕಾಲು ಪಾಲು ಕೆಲಸ ಇದೇ. ಎದ್ದ ತುಕ್ಕು, ಹಳೇ ಪೇಂಟು ಎಲ್ಲ ವೈರ್ ಬ್ರಷ್ಷಲ್ಲಿ ತೆಗೆದು 80 ನಂಬರ್ ಸ್ಯಾಂಡ್ ಪೇಪರಲ್ಲಿ ಉಜ್ಜಿ, ಗಟ್ಟಿಯಾಗಿರೋ ಪೇಂಟನ್ನೂ ಹೊಳಪು ಹೋಗೋವರೆಗೆ ಉಜ್ಜಿ. ಕುಳಿಯಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್ ಹಾಕಿ, ಡಬ್ಬಿ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ತೊಳೆಯೋಕೆ ಹೇಳಿದ್ರೆ ತೊಳೆದು ಪೂರ್ತಿ ಒಣಗಿಸಿ. ಕೊನೆಗೆ ಥಿನ್ನರ್ ಬಟ್ಟೇಲಿ ಒರೆಸ್ಬೇಕು, ಒಂದು ಬಟ್ಟೆ ಥಿನ್ನರಿಗೆ, ಅದು ಆರೋ ಮುಂಚೆ ಇನ್ನೊಂದು ಒಣ ಬಟ್ಟೆ, ಇಲ್ದಿದ್ರೆ ಜಿಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗತ್ತೆ ಅಷ್ಟೆ. ನೀರಿಳಿಯೋ ತೂತು, ಸೀಟಿನ ಬೋಲ್ಟು, ಬೆಲ್ಟಿನ ಬೋಲ್ಟು, ಬಾಗಿಲ ಹಳಿ ಇವಕ್ಕೆಲ್ಲ ಟೇಪ್ ಅಂಟಿಸಿ.

ಎಷ್ಟು ಮಾಲು ಬೇಕು ಅಂತ ಅಂಗಡೀಲಿ ಕೇಳ್ಬೇಡಿ, ನೀವೇ ಲೆಕ್ಕ ಹಾಕ್ಬಹುದು. 1 ಚದರ ಮೀಟರಿಗೆ 1 ಲೀಟರ್ ಸುರಿದ್ರೆ 1 ಮಿಲಿಮೀಟರ್ ದಪ್ಪ ನಿಲ್ಲತ್ತೆ. ನಿಮ್ಮ ತಳ, ಚಕ್ರದ ಉಬ್ಬು ಎಲ್ಲ ಅಳೆದು 4 ಚದರ ಮೀಟರ್ ಬಂತು ಅಂತ ಇಟ್ಕೊಳ್ಳಿ, ಒಂದು ಕೋಟ್ ಅರ್ಧ ಮಿಲಿಮೀಟರ್ ಅಂದ್ರೂ 2 ಲೀಟರ್, ಎರಡು ಕೋಟಿಗೆ 4 ಲೀಟರ್. 1 ಲೀಟರ್ ಡಬ್ಬಿ ತಂದು ಎಳೆದೆಳೆದು ಬಳಿದ್ರೆ ಅದು ಪೇಂಟಾಯ್ತೇ ಹೊರತು ಲೈನರ್ ಆಗಲ್ಲ.

ಮೊದಲು ಎಪಾಕ್ಸಿ ಪ್ರೈಮರ್, ಅದು ಆರಿದ ಮೇಲೆ ಲೈನರ್. ಯಾವುದೇ ಆಗ್ಲಿ, ಬೆಳಗ್ಗೆ ಇಬ್ಬನಿ ಆರಿ ತಗಡು ಬಿಸಿಯಾದ ಮೇಲೆ, ಹತ್ತೂವರೆ ಹನ್ನೊಂದಕ್ಕೆ ಶುರು ಮಾಡಿ ಮಧ್ಯಾಹ್ನದ ಒಳಗೆ ಕೋಟ್ ಮುಗಿಸ್ಬೇಕು, ಸಂಜೆ ಮತ್ತೆ ಥಂಡಿ ಇಳಿಯೋ ಹೊತ್ತಿಗೆ ಅದು ಕೂತಿರ್ಬೇಕು. ನಮ್ಮಲ್ಲಿ ಒಂದು ಪರೀಕ್ಷೆ ಮಾಡ್ತೀವಿ, ಒದ್ದೆ ಬಟ್ಟೇಲಿ ತಗಡಿನ ಮೇಲೆ ಒಂದು ಗೆರೆ ಎಳೆದು ಬಿಡೋದು, ಕಾಲು ಗಂಟೆ ಒಳಗೆ ತಾನಾಗೇ ಆರಿದ್ರೆ ಸರಿ, ಇಲ್ಲಾಂದ್ರೆ ಅವತ್ತು ಡಬ್ಬಿ ತೆಗೆಯೋದೇ ಇಲ್ಲ. ಹಾರ್ಡನರನ್ನ ಅಂದಾಜಲ್ಲಿ ಸುರೀಬೇಡಿ, ಅಳತೆ ಲೋಟ ಇಟ್ಕೊಂಡು, ತಳದಲ್ಲಿ ಕೂತಿದ್ದೆಲ್ಲ ಏಳೋ ಹಾಗೆ ಕಲಸಿ, ಅರ್ಧ ಗಂಟೇಲಿ ಬಳಿದು ಮುಗಿಸೋವಷ್ಟೇ ಕಲಸಿ. ಮೂಲೆ, ಜಾಯಿಂಟು ಮೊದಲು ಬ್ರಷ್ಷಲ್ಲಿ, ಆಮೇಲೆ ಉಳಿದಿದ್ದು ರೋಲರಲ್ಲಿ, ಒಳಗಿನಿಂದ ಬಾಗಿಲ ಕಡೆಗೆ. ಎರಡನೇ ಕೋಟನ್ನ ಡಬ್ಬಿ ಮೇಲೆ ಬರೆದ ಗಂಟೆಯೊಳಗೇ ಹಾಕಿ, ತಡವಾದ್ರೆ ಮತ್ತೆ ಪೇಪರ್ ಹಾಕಿ ಉಜ್ಜಲೇಬೇಕು. ಮಾರನೇ ದಿನ ಕಾಲಿಡಬಹುದು, ಭಾರ ಹಾಕೋಕೆ, ಮೈಲುತುತ್ತ ಇಡೋಕೆ ಒಂದು ವಾರ ಬಿಡಿ.

ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ: ಥಿನ್ನರ್ ಆವಿ ಗಾಳಿಗಿಂತ ಭಾರ, ವ್ಯಾನಿನ ಒಳಗೆ ನೀವು ಬಗ್ಗಿ ಕೆಲಸ ಮಾಡೋ ಮಟ್ಟದಲ್ಲೇ ನಿಲ್ಲತ್ತೆ. ಪಿಯು ಹಾರ್ಡನರಲ್ಲಿರೋ ಐಸೊಸೈನೇಟ್ ಉಸಿರಾಟಕ್ಕೆ ಕೆಟ್ಟದ್ದು, ಆಸ್ತಮಾ ಬರಿಸತ್ತೆ, ಒಮ್ಮೆ ಮೈಗೆ ಒಗ್ಗದೇ ಹೋದ್ರೆ ಆಮೇಲೆ ಸ್ವಲ್ಪ ವಾಸನೆಗೂ ಉಸಿರು ಕಟ್ಟತ್ತೆ. ಮುಖಕ್ಕೆ ಟವೆಲ್ ಕಟ್ಟಿದ್ರೆ ಏನೂ ಉಪಯೋಗ ಇಲ್ಲ, ಕಾರ್ಟ್ರಿಡ್ಜ್ ಇರೋ ಆರ್ಗ್ಯಾನಿಕ್ ವೇಪರ್ ಮಾಸ್ಕೇ ಬೇಕು, ಕೈಗೆ ಗ್ಲೌಸ್, ಎಲ್ಲಾ ಬಾಗಿಲು ತೆಗೆದಿಟ್ಟು ಹಿಂದೆ ಒಂದು ಫ್ಯಾನ್, ಅದೂ ಆವಿ ಮಧ್ಯೆ ಇಡ್ಬೇಡಿ, ದೂರದಿಂದ ಗಾಳಿ ಬರೋ ಹಾಗೆ. ಬೀಡಿ ಸಿಗರೇಟು ಹತ್ರಾನೂ ಬರಬಾರದು. ಪಿಚಕಾರಿ ಗನ್ನಲ್ಲಿ ಸ್ಪ್ರೇ ಮಾಡ್ಸೋದಾದ್ರೆ ಶಿವಮೊಗ್ಗದ ಕಡೆ ಬಂದು ಗಾಳಿ ವ್ಯವಸ್ಥೆ ಇರೋ ಬೂತಲ್ಲೇ ಮಾಡ್ಸಿ, ಮನೆ ಅಂಗಳದಲ್ಲಿ ಬೇಡ. ಮನೇಲಿ ದಮ್ಮು ಇರೋರು ಯಾರಾದ್ರೂ ಇದ್ರಂತೂ ರೋಲರೂ ಅಲ್ಲಿ ಬೇಡ.

ಪ್ರಶ್ನೆ: ಸಾಗರದ ಹತ್ರ ನಾವು ನಾಲ್ಕು ಜನ ಹೆಂಗಸರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡ್ತೀವಿ. ಉಪ್ಪು ನೀರಲ್ಲಿರೋ ಮಿಡಿ ಬ್ಯಾರಲ್ ಸಾಗಿಸೋಕೆ ಹೊಸ ಈಕೋ ವ್ಯಾನ್ ತಗೊಂಡಿದೀವಿ. ಪ್ಲೈವುಡ್ ಹಾಕ್ಸಿ ಅಂತ ಕೆಲವರು, ಕೋಟಿಂಗ್ ಅಂತ ಕೆಲವರು. ಕೋಟಿಂಗ್ ವಾಸನೆ ಮಿಡಿಗೆ ಹತ್ತಲ್ವಾ?

ಉತ್ತರ: ಅಕ್ಕಾ, ಗಾಡಿ ಹೊಸದಿರುವಾಗಲೇ ಕೇಳಿದ್ರಲ್ಲ, ತುಂಬಾ ಒಳ್ಳೇದಾಯ್ತು. ಕೋಟಿಂಗೇ ಹಾಕ್ಸಿ. ಉಪ್ಪು ನೀರು ಮಿಡಿ ಕೆಡದ ಹಾಗೆ ನೋಡ್ಕೊಳತ್ತೆ, ಕಬ್ಬಿಣಾನ ಮಾತ್ರ ಬಿಡಲ್ಲ, ಮಳೆ ನೀರಿಗಿಂತ ಎಷ್ಟೋ ಬೇಗ ತಿನ್ನತ್ತೆ. ಪ್ಲೈವುಡ್ ಹಾಕಿದ್ರೆ ಚೆಲ್ಲಿದ ಉಪ್ಪು ನೀರನ್ನ ಅದು ಹೀರಿ ಅಡಿಯಲ್ಲಿ ಹಿಡಿದಿಟ್ಕೊಳತ್ತೆ, ಮೇಲಿಂದ ಏನೂ ಕಾಣಲ್ಲ, ಮೂರು ವರ್ಷಕ್ಕೆ ಎತ್ತಿ ನೋಡಿದಾಗ ತಳ ಇರಲ್ಲ.

ವಾಸನೆ ಅನ್ನೋದು ಕೋಟಿಂಗ್ ಹಸಿ ಇರೋವರೆಗೆ. ಬೇಸಿಗೇಲಿ ಹಾಕಿಸಿ ಕಮ್ಮಿ ಅಂದ್ರೆ ಒಂದು ವಾರ ಬಾಗಿಲು ತೆಗೆದು ಆರೋಕೆ ಬಿಡಿ, ಆಮೇಲೆ ಬಿಸಿಲಲ್ಲಿ ಅರ್ಧ ದಿನ ಬಾಗಿಲು ಮುಚ್ಚಿಟ್ಟು ತೆಗೆದು ಮೂಸಿ ನೋಡಿ, ಇನ್ನೂ ಘಾಟಿದ್ರೆ ಇನ್ನೊಂದು ವಾರ. ಅವಸರ ಮಾಡ್ಬೇಡಿ, ಮಿಡಿಗೆ ಇರೋ ಸೊನೆ ಪರಿಮಳಕ್ಕೇ ಜನ ದುಡ್ಡು ಕೊಡೋದು. ಏನಿದ್ರೂ ಮುಚ್ಚಳ ಬಿಗಿ ಇರೋ ಬ್ಯಾರಲ್ಲಲ್ಲೇ ಸಾಗಿಸಿ. ಇನ್ನೊಂದು, ನಿಮಗೆ ತರಿತರಿ ಲೈನರ್ ಬೇಡ, ಸಂದೀಲಿ ಉಪ್ಪು, ಮಸಾಲೆ ಕೂತು ತೊಳೆಯೋಕೆ ಕಷ್ಟ, ನಯವಾಗಿ ಬರೋದನ್ನೇ ಕೇಳಿ, ಜಾರದ ಹಾಗೆ ಬಾಗಿಲ ಹತ್ರ ಒಂದು ಅಡಿ ಮಾತ್ರ ತರಿ ಹಾಕ್ಸಿ. ಹೊಸ ಗಾಡಿ ಪೇಂಟು ಕೆರೆಯೋಕೆ ಜೀವ ಒಪ್ಪಲ್ಲ, ಆದ್ರೂ ಉಜ್ಜಿ ಮಂಕು ಮಾಡದೇ ಮೇಲೆ ಹೊಡೆದ್ರೆ ಹಿಡಿಯಲ್ಲ, ಅದಕ್ಕೆ ಒಪ್ಕೊಳ್ಳಿ. ಚೆಲ್ಲಿದ ದಿನಾನೇ ಸಿಹಿನೀರಲ್ಲಿ ತೊಳೀರಿ.

ಪ್ರಶ್ನೆ: ಕೊಪ್ಪದಲ್ಲಿ ಪ್ಲಂಬಿಂಗ್ ಮಾಡ್ತೀನಿ. ಕೋಟಿಂಗ್ ಗೊಡವೆ ಬೇಡ, ಅಲ್ಯೂಮಿನಿಯಂ ಚೆಕರ್ ಶೀಟ್ ಹಾಕಿ ರಿವಿಟ್ ಹೊಡೆದುಬಿಟ್ರೆ ಲೈಫ್‌ಲಾಂಗ್ ಅಂತ ಹೇಳ್ತಿದಾರೆ, ನಿಜಾನಾ?

ಉತ್ತರ: ಪೈಪ್ ರೆಂಚು, ಜಿಐ ಫಿಟ್ಟಿಂಗು ಎಸೆದಾಡೋ ಗಾಡಿಗೆ ಪೆಟ್ಟು ತಡೆಯೋಕೆ ಶೀಟ್ ಒಳ್ಳೇದೇ. ಆದ್ರೆ ಅದು ಕೋಟಿಂಗಿಗೆ ಬದಲಿ ಅಲ್ಲ. ಅಲ್ಯೂಮಿನಿಯಮ್ಮು ಕಬ್ಬಿಣಾನೂ ಒಂದಕ್ಕೊಂದು ತಾಗ್ಕೊಂಡು ಮಧ್ಯೆ ತೇವ ನಿಂತ್ರೆ ಅಲ್ಯೂಮಿನಿಯಮ್ಮೇ ಬಿಳಿ ಪುಡಿಯಾಗಿ ಸವೆಯತ್ತೆ, ಸಿಮೆಂಟು ಸುಣ್ಣದ ನೀರು ಬಿದ್ರೆ ಇನ್ನೂ ಬೇಗ. ರಿವಿಟ್ಟಿಗೆ ಕೊರೆದ ಒಂದೊಂದು ತೂತೂ ತುಕ್ಕಿಗೆ ಬಾಗಿಲು ತೆಗೆದ ಹಾಗೆ. ಮೊದಲು ಮೇಲೆ ಹೇಳಿದ ಹಾಗೆ ತಳಕ್ಕೆ ಕೋಟಿಂಗ್ ಹಾಕಿ, ವಾರ ಬಿಟ್ಟು, ಶೀಟನ್ನ ರಿವಿಟ್ ಇಲ್ಲದೇ ಪಿಯು ಸೀಲಂಟಲ್ಲಿ ಕೂರಿಸಿ, ಅಂಚು ಸುತ್ತ ಸೀಲ್ ಮಾಡ್ಸಿ. ಈಗಾಗ್ಲೇ ರಿವಿಟ್ ಹೊಡೆಸಿಬಿಟ್ಟಿದ್ರೆ ಮಳೆ ಜೋರಾಗೋ ಮುಂಚೆ ಒಂದು ಮೂಲೆ ಬಿಚ್ಚಿ ಅಡಿಯಲ್ಲಿ ಒದ್ದೆ ಇದೆಯಾ ನೋಡಿ, ಇದ್ರೆ ಫೋಟೋ ತೆಗೆದು ಪತ್ರಿಕೆ ವಿಳಾಸಕ್ಕೆ ಕಳಿಸಿ, ಮುಂದಿನ ಸಂಚಿಕೇಲಿ ಅದಕ್ಕೇ ಉತ್ತರ ಕೊಡ್ತೀನಿ.