ಅಮೆರಿಕದ 500 ಮೈಲಿಯ ಕಾರ್ ರೇಸು ಇಂಡಿಯಾನಾಪೊಲಿಸ್ 500ರಲ್ಲಿ ಬರೀ ನಾಲ್ಕು ಸಿಲಿಂಡರಿನ ಎಂಜಿನ್ ಅಷ್ಟು ವರ್ಷ ಗೆದ್ದಿದ್ದು ಹೇಗೆ?

ನೀವು ಕೇಳ್ತಿರೋದು ಆಫನ್‌ಹೌಸರ್ ಎಂಜಿನ್ ಬಗ್ಗೆ, ಅಲ್ವಾ? ರೇಸಿನವರ ಬಾಯಲ್ಲಿ ಅದು 'ಆಫಿ'. 1947ರಿಂದ 1964ರವರೆಗೆ ಒಂದು ವರ್ಷವೂ ಬಿಡದೆ 18 ಸಲ ಗೆದ್ದಿತು. ಎದುರಿಗೆ ಯಾರೂ ಇರಲಿಲ್ಲ ಅಂತಲ್ಲ. ಸೂಪರ್‌ಚಾರ್ಜರ್ (ಒಳಕ್ಕೆ ಗಾಳಿ ಒತ್ತಿ ತುಂಬೋ ಸಾಧನ) ಇದ್ದ 'ನೋವಿ' ಅನ್ನೋ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇತ್ತು. ಶಕ್ತಿಯಲ್ಲಿ ಆಫಿಗಿಂತ ಜಾಸ್ತಿ, ಅದರ ಕೂಗು ಕೇಳೋದಕ್ಕೇ ಜನ ಬರುತ್ತಿದ್ದರು. ಆದರೆ ಒಂದು ರೇಸೂ ಗೆಲ್ಲಲಿಲ್ಲ.

ನನ್ನ ಪ್ರಕಾರ ಆಫಿಯ ಗುಟ್ಟು ಅದರಲ್ಲಿ ಇದ್ದದ್ದಲ್ಲ, ಇಲ್ಲದ್ದು. ಅದಕ್ಕೆ ಹೆಡ್ ಗ್ಯಾಸ್ಕೆಟ್ಟೇ ಇರಲಿಲ್ಲ!

ನಮ್ಮ ಮನೆಯ ಹಳೇ ಕಾರಿನ ಹೆಡ್ ಗ್ಯಾಸ್ಕೆಟ್ ಒಮ್ಮೆ ಘಾಟಿಯಲ್ಲಿ ಹೋಗಿತ್ತು. ಹಿಂದಿನಿಂದ ಬಿಳಿ ಹೊಗೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ಸಿಲಿಂಡರುಗಳಿರೋ ಬ್ಲಾಕ್ ಮತ್ತು ಅದರ ಮೇಲಿನ ಮುಚ್ಚಳ, ಅಂದರೆ ಹೆಡ್, ಇವುಗಳ ನಡುವಿನ ಆ ತೆಳು ಹಾಳೆ ಎಂಥ ದುರ್ಬಲ ಜಾಗ ಅಂತ ಅವತ್ತೇ ಗೊತ್ತಾಯಿತು. ಆಫಿಯಲ್ಲಿ ಬ್ಲಾಕ್, ಹೆಡ್ ಎರಡೂ ಸೇರಿ ಒಂದೇ ಎರಕ. ಜೋಡಣೆಯೇ ಇಲ್ಲ ಅಂದಮೇಲೆ ಸೋರೋದೆಲ್ಲಿಂದ? ಮೆಕ್ಯಾನಿಕ್ಕಿಗೆ ಮಾತ್ರ ಕಷ್ಟ. ಗಾಳಿ ಒಳಕ್ಕೆ, ಹೊಗೆ ಹೊರಕ್ಕೆ ಬಿಡೋ ವಾಲ್ವ್‌ಗಳನ್ನು ಕೆಳಗಿನಿಂದ, ಸಿಲಿಂಡರ್ ಒಳಗೇ ಕೈ ತೂರಿಸಿ ಕೂರಿಸಬೇಕು.

ಕಲ್ಪನೆ ಹ್ಯಾರಿ ಮಿಲ್ಲರ್‌ದು, ನಕ್ಷೆ ಬರೆದವನು ಲಿಯೋ ಗೂಸನ್, ಲೋಹ ಕಡೆದವನು ಫ್ರೆಡ್ ಆಫನ್‌ಹೌಸರ್. 1933ರಲ್ಲಿ ಮಿಲ್ಲರ್ ದಿವಾಳಿಯಾದ. ಕೆಲಸವನ್ನು ಕೈಗೆತ್ತಿಕೊಂಡ ಫ್ರೆಡ್‌ನ ಹೆಸರು ಎಂಜಿನ್ನಿಗೆ ಅಂಟಿಕೊಂಡಿತು. 1946ರಲ್ಲಿ ಅವನಿಂದ ಆ ವ್ಯವಹಾರವನ್ನು ಲೂಯಿ ಮೇಯರ್ ಮತ್ತು ಡೇಲ್ ಡ್ರೇಕ್ ಕೊಂಡುಕೊಂಡರು.

1950ರ ದಶಕದ ಆಫಿ ಸುಮಾರು 4.2 ಲೀಟರ್. ವಾಲ್ವ್ ತೆರೆಸೋ ದಂಡ, ಅಂದರೆ ಕ್ಯಾಮ್, ಎರಡು; ಸಿಲಿಂಡರಿಗೆ ನಾಲ್ಕು ವಾಲ್ವ್. ಕುಡಿಯುತ್ತಿದ್ದುದು ಮೆಥನಾಲ್ ಅನ್ನೋ ಆಲ್ಕೋಹಾಲ್. ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದಿತ್ತು, ಇದೂ ಮುಖ್ಯ. ರೇಸಿಗೆ ಬಂದವರಲ್ಲಿ ಬಹುಪಾಲು ಆಫಿಯವರೇ ಆದಾಗ ಗೆಲ್ಲೋದೂ ಆಫಿಯೇ ತಾನೇ.

ಹಾಗಾಗಿ ಕಾರು ಕಟ್ಟುವವರು ತಲೆ ಓಡಿಸಿದ್ದೆಲ್ಲ ಎಂಜಿನ್ನನ್ನು ಎಲ್ಲಿ ಇಡೋದು, ಹೇಗೆ ಇಡೋದು ಅನ್ನೋದರ ಮೇಲೆ. ಟ್ರ್ಯಾಕಿನಲ್ಲಿ ಎಲ್ಲ ತಿರುವೂ ಎಡಕ್ಕೇ. ಅದಕ್ಕೇ ಫ್ರಾಂಕ್ ಕರ್ಟಿಸ್ ತನ್ನ 'ರೋಡ್‌ಸ್ಟರ್' ಕಾರಿನಲ್ಲಿ ಎಂಜಿನ್ನನ್ನು ಎಡಕ್ಕೆ ಸರಿಸಿದ. ಜಾರ್ಜ್ ಸಾಲಿ ಇನ್ನೂ ಮುಂದೆ ಹೋಗಿ ಅದನ್ನು ಹೆಚ್ಚುಕಡಿಮೆ ಪಕ್ಕಕ್ಕೆ ಮಲಗಿಸಿಬಿಟ್ಟ. ಕಾರು ತಗ್ಗಾಯಿತು. 1957ರಲ್ಲಿ ಸ್ಯಾಮ್ ಹ್ಯಾಂಕ್ಸ್, 1958ರಲ್ಲಿ ಜಿಮ್ಮಿ ಬ್ರಯನ್, ಇಬ್ಬರೂ ಅದೇ ಒಂದು ಕಾರಿನಲ್ಲಿ ಗೆದ್ದರು. ಆ ಕಾಲದ ಕಾರುಗಳಲ್ಲಿ ನನಗೆ ಇದರ ಮೇಲೆ ಜಾಸ್ತಿ ಪ್ರೀತಿ.

1963ರಲ್ಲಿ ಇಂಗ್ಲೆಂಡಿನ ಲೋಟಸ್ ಕಾರು ಬಂತು, ಎಂಜಿನ್ ಡ್ರೈವರ್ ಬೆನ್ನ ಹಿಂದೆ, ಫೋರ್ಡ್ ವಿ8. ಕೊನೆಯ ಸುತ್ತುಗಳಲ್ಲಿ ಮುಂದಿದ್ದ ಪಾರ್ನೆಲ್ಲಿ ಜೋನ್ಸ್‌ನ ಆಫಿ ರೋಡ್‌ಸ್ಟರ್ ಆಯಿಲ್ ಸೋರಿಸುತ್ತಾ ಓಡುತ್ತಿತ್ತು. ಕಪ್ಪು ಬಾವುಟ ತೋರಿಸಿ ಅವನನ್ನು ನಿಲ್ಲಿಸಬೇಕಿತ್ತು ಅಂತ ಈಗಲೂ ಜಗಳ ಇದೆ. ಅಧಿಕಾರಿಗಳು ತೋರಿಸಲಿಲ್ಲ. ಜೋನ್ಸ್ ಗೆದ್ದ, ಲೋಟಸ್‌ನ ಜಿಮ್ ಕ್ಲಾರ್ಕ್ ಎರಡನೆಯವನಾದ. ನನ್ನನ್ನು ಕೇಳಿದರೆ ಬಾವುಟ ತೋರಿಸಬೇಕಿತ್ತು. 1965ರಲ್ಲಿ ಕ್ಲಾರ್ಕ್ ಗೆದ್ದೇ ಬಿಟ್ಟ. ಎಂಜಿನ್ ಮುಂದಿದ್ದ ಕಾರು 1964ರ ನಂತರ ಅಲ್ಲಿ ಗೆದ್ದಿಲ್ಲ.

ಆಫಿ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದನ್ನು ಸುಮಾರು ಎರಡೂಮುಕ್ಕಾಲು ಲೀಟರಿಗೆ ಇಳಿಸಿ, ಟರ್ಬೋ ಹಾಕಿ, ಹಿಂದಕ್ಕೆ ಕೂರಿಸಿದರು. ಟರ್ಬೋ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತದೆ, ಬೇರೆ ಎಂಜಿನ್ ಆಗಿದ್ದರೆ ಗ್ಯಾಸ್ಕೆಟ್ ಮೊದಲು ಹಾರುತ್ತಿತ್ತು. ಇದರಲ್ಲಿ ಹಾರೋಕೆ ಗ್ಯಾಸ್ಕೆಟ್ಟೇ ಇಲ್ವಲ್ಲ! 1968ರಲ್ಲಿ ಬಾಬಿ ಅನ್ಸರ್ ಗೆದ್ದ. ಇಂಡಿಯಾನಾಪೊಲಿಸ್‌ನಲ್ಲಿ ಟರ್ಬೋ ಎಂಜಿನ್ನಿನ ಮೊದಲ ಗೆಲುವು ಅದು. ಆಮೇಲೆ 1972ರಿಂದ ಸತತ ಐದು.

ಕೊನೆಯದು 1976ರಲ್ಲಿ, ಮ್ಯಾಕ್‌ಲಾರೆನ್ ಕಾರಿನಲ್ಲಿ ಜಾನಿ ರದರ್‌ಫರ್ಡ್. ಮಳೆ ಬಂದು 200 ಸುತ್ತಿನ ರೇಸು 102ಕ್ಕೇ ನಿಂತಿತು.